ಹತ್ತರ ಮೇಲಿನ ಓದು ದುಡಿಮೆಗೆ ಬರುತ್ತದೆಯೇ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತೆಂದರೆ ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾದಿಂದ ಹಿಡಿದು ಮಸ್ಕಿಯ ಹಳ್ಳಿಗಳು, ಸಿಂಧನೂರಿನ ಕ್ಯಾಂಪುಗಳವರೆಗೆ ಮನೆಮನೆಯಲ್ಲಿ ಒಂದು ಲೆಕ್ಕಾಚಾರ ಶುರುವಾಗುತ್ತದೆ. ಮಗನನ್ನೋ ಮಗಳನ್ನೋ ಪಿಯುಸಿಗೆ ಹಚ್ಚಬೇಕೇ, ಐಟಿಐಗೆ ಕಳಿಸಬೇಕೇ, ಇಲ್ಲವೇ ಹೊಲದ ಕೆಲಸಕ್ಕೋ ಗುಳೆಗೋ ಜೊತೆ ಮಾಡಿಕೊಳ್ಳಬೇಕೇ? ಈ ಪ್ರಶ್ನೆ ಕೇಳುವ ತಂದೆತಾಯಿ ಓದಿನ ಬೆಲೆ ಅರಿಯದವರಲ್ಲ. ಅವರ ಮುಂದಿರುವುದು ನಿಜವಾದ ಖರ್ಚು. ಉದ್ಯೋಗ ಖಾತ್ರಿಯಲ್ಲಿ 2025–26ಕ್ಕೆ ಕರ್ನಾಟಕಕ್ಕೆ ನಿಗದಿಯಾದ ದಿನಗೂಲಿ 370 ರೂಪಾಯಿ. ಆ ದರದಲ್ಲಿ ದೊಡ್ಡವರೊಬ್ಬರು ವರ್ಷಕ್ಕೆ ಇನ್ನೂರು ದಿನ ದುಡಿದರೆ 74 ಸಾವಿರ, ಎರಡು ವರ್ಷಕ್ಕೆ ಒಂದೂವರೆ ಲಕ್ಷದ ಸಮೀಪ. ದುಡಿಯುವ ವಯಸ್ಸಿಗೆ ಬರುತ್ತಿರುವ ಮಗುವನ್ನು ಎರಡು ವರ್ಷ ಕಾಲೇಜಿನಲ್ಲಿ ಕೂರಿಸುವುದೆಂದರೆ ಶುಲ್ಕ, ಪುಸ್ತಕ, ಬಸ್ಸಿನ ಖರ್ಚಿನ ಜೊತೆಗೆ ಈ ಗಳಿಕೆಯ ಒಂದು ಪಾಲನ್ನೂ ಬಿಟ್ಟುಕೊಡುವುದು ಎಂದರ್ಥ. ಹಾಗಾಗಿ ‘ಓದಿದರೆ ಒಳ್ಳೆಯದಾಗುತ್ತದೆ’ ಎಂಬ ಬರಿಯ ಉಪದೇಶ ಅವರಿಗೆ ಸಾಲದು. ಯಾವ ಓದು, ಯಾವ ಕೆಲಸಕ್ಕೆ, ಎಷ್ಟು ಖಚಿತವಾಗಿ ಬರುತ್ತದೆ ಎಂಬ ಉತ್ತರ ಬೇಕು.

ಉತ್ತರವನ್ನು ಮೊದಲೇ ಹೇಳಿಬಿಡಬಹುದು. ಹತ್ತನೆಯ ತರಗತಿಯ ಮೇಲಿನ ಓದು ದುಡಿಮೆಗೆ ಬರುತ್ತದೆ. ಆದರೆ ವರ್ಷಗಳನ್ನು ಕೂಡಿಸುತ್ತ ಹೋದ ಮಾತ್ರಕ್ಕೆ ಬರುವುದಿಲ್ಲ. ಯಾವ ಕೆಲಸ ಯಾವ ಅರ್ಹತೆಯನ್ನು ಕೇಳುತ್ತದೆ ಎಂದು ಮೊದಲು ತಿಳಿದುಕೊಂಡು, ಆ ಅರ್ಹತೆಗಾಗಿ ಓದಿದವರಿಗೆ ಅದು ಜೀವನಪೂರ್ತಿ ಅನ್ನ ಕೊಡುತ್ತದೆ. ಏನನ್ನೂ ತಿಳಿಯದೆ ಪಿಯುಸಿ, ಅದರ ಮೇಲೆ ಒಂದು ಪದವಿ, ಅದರ ಮೇಲೆ ಇನ್ನೊಂದು ಎಂದು ಪ್ರಮಾಣಪತ್ರ ಕೂಡಿಹಾಕಿದವರಿಗೆ ಅದು ತಡವಾಗಿ ಸಿಗುವ ನಿರಾಸೆ. ಈ ಮಾತನ್ನು ಅಂಕಿಅಂಶಗಳು, ನೇಮಕಾತಿ ನಿಯಮಗಳು ಮತ್ತು ನಮ್ಮ ಭಾಗದ ದುಡಿಮೆಯ ಸ್ವರೂಪ ಮೂರೂ ಬೆಂಬಲಿಸುತ್ತವೆ.

ಓದಿದವರೇ ಖಾಲಿ ಕೂತಿದ್ದಾರೆ ಎಂಬ ಮಾತು

ಹಳ್ಳಿಕಟ್ಟೆಯಲ್ಲಿ ಹೆಚ್ಚು ಕೇಳಿಬರುವ ಆಕ್ಷೇಪ ಇದು: ಡಿಗ್ರಿ ಮುಗಿಸಿದವನು ಮನೆಯಲ್ಲಿ ಕೂತಿದ್ದಾನೆ, ಏಳನೆಯ ತರಗತಿಗೆ ಶಾಲೆ ಬಿಟ್ಟವನು ಟ್ರ್ಯಾಕ್ಟರ್ ಹೊಡೆದು ಮನೆ ನಡೆಸುತ್ತಿದ್ದಾನೆ. ಇದು ಬರಿಯ ಮಾತಲ್ಲ, ದೇಶದ ಅಂಕಿಅಂಶವೂ ಹಾಗೆಯೇ ಇದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಮಾನವ ಅಭಿವೃದ್ಧಿ ಸಂಸ್ಥೆ ಸೇರಿ 2024ರಲ್ಲಿ ಪ್ರಕಟಿಸಿದ ಭಾರತದ ಉದ್ಯೋಗ ವರದಿಯ ಪ್ರಕಾರ, 2022ರಲ್ಲಿ ಪದವಿ ಪಡೆದ ಯುವಜನರಲ್ಲಿ ನಿರುದ್ಯೋಗ ಶೇ 29.1. ಪ್ರೌಢಶಿಕ್ಷಣ ಅಥವಾ ಅದಕ್ಕೂ ಮೇಲೆ ಓದಿದವರಲ್ಲಿ ಶೇ 18.4. ಓದುಬರಹ ಬಾರದ ಯುವಜನರಲ್ಲಿ ಕೇವಲ ಶೇ 3.4. ಕರ್ನಾಟಕ ಸರ್ಕಾರ 2024ರ ಜನವರಿಯಲ್ಲಿ ಯುವನಿಧಿ ಯೋಜನೆ ಆರಂಭಿಸಿ, ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಯನ್ನು ಎರಡು ವರ್ಷದವರೆಗೆ ಕೊಡಲು ಮುಂದಾದದ್ದೂ ಇದೇ ಸಂಕಟವನ್ನು ಒಪ್ಪಿಕೊಂಡಂತೆ.

ಆದರೆ ಈ ಅಂಕಿಗಳನ್ನು ‘ಓದಿದರೆ ಕೆಲಸ ಸಿಗುವುದಿಲ್ಲ’ ಎಂದು ಓದಿಕೊಂಡರೆ ತಪ್ಪಾಗುತ್ತದೆ. ನಿರುದ್ಯೋಗಿ ಎಂದು ಲೆಕ್ಕಕ್ಕೆ ಬರುವವರು ಕೆಲಸ ಹುಡುಕುತ್ತಿರುವವರು ಅಥವಾ ಕೆಲಸಕ್ಕೆ ಸಿದ್ಧರಿರುವವರು ಮಾತ್ರ. ಓದದ ಬಡವನಿಗೆ ಹುಡುಕುತ್ತ ಕಾಯುವ ಅವಕಾಶವೇ ಇಲ್ಲ. ಸಿಕ್ಕ ಕೂಲಿಗೆ ಹೋಗಲೇಬೇಕು. ಹತ್ತಿ ಬಿಡಿಸುವ ಕೆಲಸಕ್ಕೋ ಇಟ್ಟಿಗೆ ಭಟ್ಟಿಗೋ ಹೋದ ದಿನ ಅವನು ಉದ್ಯೋಗಿ ಎಂದೇ ಎಣಿಕೆಯಾಗುತ್ತಾನೆ. ಹಾಗಾಗಿ ಶೇ 3.4 ಎನ್ನುವುದು ನೆಮ್ಮದಿಯ ಸಂಖ್ಯೆಯಲ್ಲ, ಅನಿವಾರ್ಯತೆಯ ಸಂಖ್ಯೆ. ಓದಿದವನು ಕಾಯುತ್ತಾನೆ, ಏಕೆಂದರೆ ಕಾದರೆ ಸಂಬಳದ ಕೆಲಸ ಸಿಗಬಹುದೆಂಬ ಆಸೆ ಅವನಿಗಿದೆ. ಜಗತ್ತಿನ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಅರ್ಥಶಾಸ್ತ್ರಜ್ಞರಾದ ಸಾಕರೋಪೌಲೋಸ್ ಮತ್ತು ಪ್ಯಾಟ್ರಿನೋಸ್ ಅವರ ಪ್ರಕಾರ, ಹೆಚ್ಚುವರಿಯಾಗಿ ಓದಿದ ಒಂದೊಂದು ವರ್ಷಕ್ಕೂ ಗಳಿಕೆ ಸರಾಸರಿ ಶೇ 9ರಷ್ಟು ಏರುತ್ತದೆ. ಎರಡು ಮಾತೂ ನಿಜ: ಕೆಲಸ ಸಿಕ್ಕ ಓದಿದವನ ಗಳಿಕೆ ಹೆಚ್ಚು, ಕೆಲಸ ಸಿಗುವವರೆಗಿನ ಅವನ ಕಾಯುವಿಕೆಯೂ ದೀರ್ಘ. ಆದ್ದರಿಂದ ಕಾಯುವ ಕಾಲವನ್ನು ಕಡಿಮೆ ಮಾಡುವ ಓದನ್ನು ಆರಿಸಿಕೊಳ್ಳುವುದೇ ಬುದ್ಧಿವಂತಿಕೆ.

ನೇಮಕಾತಿ ನಿಯಮ ಏನು ಕೇಳುತ್ತದೆ

ಹೆಚ್ಚು ಓದಿದಷ್ಟೂ ಹೆಚ್ಚು ಅವಕಾಶ ಎಂಬ ನಂಬಿಕೆಯನ್ನು ನೇಮಕಾತಿ ನಿಯಮಗಳ ಎದುರು ಇಟ್ಟು ನೋಡಬೇಕು. ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ ಹುದ್ದೆಗೆ ಪರೀಕ್ಷೆಯೇ ಇಲ್ಲ. ಹತ್ತನೆಯ ತರಗತಿಯ ಅಂಕಗಳ ಮೇಲೆಯೇ ಆಯ್ಕೆ. ಅದರ ಮೇಲೆ ಪಿಯುಸಿ, ಪದವಿ ಏನಿದ್ದರೂ ಹೆಚ್ಚಿನ ಮನ್ನಣೆ ಸಿಗುವುದಿಲ್ಲ. ಕೆಪಿಟಿಸಿಎಲ್ ಮತ್ತು ನಮ್ಮ ಭಾಗದ ಜೆಸ್ಕಾಂ ಸೇರಿದಂತೆ ವಿದ್ಯುತ್ ಕಂಪನಿಗಳು 2024ರಲ್ಲಿ ಕರೆದ ಕಿರಿಯ ಪವರ್‌ಮ್ಯಾನ್ ಮತ್ತು ಕಿರಿಯ ಸ್ಟೇಷನ್ ಪರಿಚಾರಕ ಹುದ್ದೆಗಳು ಒಟ್ಟು 2,975. ಅಲ್ಲಿಯೂ ಎಸ್ಸೆಸ್ಸೆಲ್ಸಿ ಅಂಕ ಮತ್ತು ಕಂಬ ಹತ್ತುವುದೂ ಸೇರಿದ ದೇಹದಾರ್ಢ್ಯ ಪರೀಕ್ಷೆಯೇ ಮುಖ್ಯ. ಸಶಸ್ತ್ರ ಮೀಸಲು ಪಡೆಯ ಪೊಲೀಸ್ ಕಾನ್‌ಸ್ಟೆಬಲ್ ಆಗಲೂ ಎಸ್ಸೆಸ್ಸೆಲ್ಸಿ ಸಾಕು. ಇದರಿಂದ ಮೊದಲ ಪಾಠ ಸ್ಪಷ್ಟ: ಹತ್ತನೆಯ ತರಗತಿಯ ಅಂಕಪಟ್ಟಿ ಮುಂದಿನ ತರಗತಿಗೆ ದಾಟುವ ಚೀಟಿ ಮಾತ್ರವಲ್ಲ, ಹಲವು ಕೆಲಸಗಳಿಗೆ ಅದೇ ಕೊನೆಯ ಮಾತು. ‘ಪಾಸಾದರೆ ಸಾಕು’ ಎಂದು ಹತ್ತನೆಯ ತರಗತಿಯನ್ನು ಹಗುರವಾಗಿ ಕಂಡವರು ಮುಂದೆ ಎಂ.ಎ. ಮಾಡಿದರೂ ಈ ಹುದ್ದೆಗಳನ್ನು ಮರಳಿ ಗಳಿಸಲಾರರು.

ಎರಡನೆಯ ಹಂತ ಪಿಯುಸಿಯದು. ದ್ವಿತೀಯ ದರ್ಜೆ ಸಹಾಯಕ, ಗ್ರಾಮ ಆಡಳಿತ ಅಧಿಕಾರಿ, ಗ್ರಾಮ ಪಂಚಾಯಿತಿ ಕಾರ್ಯದರ್ಶಿ ಗ್ರೇಡ್–2, ಸಿವಿಲ್ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗಳಿಗೆ ಪಿಯುಸಿ ಬೇಕು. ಒಂದರಿಂದ ಐದನೆಯ ತರಗತಿಯ ಶಿಕ್ಷಕರಾಗಲು ಪಿಯುಸಿಯ ಮೇಲೆ ಡಿ.ಇಎಲ್.ಇಡಿ ಮತ್ತು ಶಿಕ್ಷಕರ ಅರ್ಹತಾ ಪರೀಕ್ಷೆ ಬೇಕು. ಮೂರನೆಯ ಹಂತದಲ್ಲಿ ಪ್ರಥಮ ದರ್ಜೆ ಸಹಾಯಕ, ಪಿಡಿಒ, ಪಿಎಸ್‌ಐ, ಬ್ಯಾಂಕ್ ನೌಕರಿಗಳಿಗೆ ಯಾವುದಾದರೂ ಪದವಿ ಬೇಕು. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಈ ಹುದ್ದೆಗಳಲ್ಲಿ ಪಿಯುಸಿ ಅಥವಾ ಪದವಿ ಅರ್ಜಿ ಹಾಕುವ ಹಕ್ಕನ್ನು ಕೊಡುತ್ತದೆ, ಹುದ್ದೆಯನ್ನು ಕೊಡುವುದಿಲ್ಲ. ಹಿಂದೆ ಗ್ರಾಮಲೆಕ್ಕಿಗರನ್ನು ಪಿಯುಸಿ ಅಂಕಗಳ ಮೇಲೆಯೇ ಆರಿಸುತ್ತಿದ್ದರು. 2024ರಲ್ಲಿ ಒಂದು ಸಾವಿರ ಗ್ರಾಮ ಆಡಳಿತ ಅಧಿಕಾರಿಗಳ ನೇಮಕಕ್ಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸ್ಪರ್ಧಾತ್ಮಕ ಪರೀಕ್ಷೆ ನಡೆಸಿತು. ಅಂದರೆ ಪಿಯುಸಿ ಮುಗಿಸಿ ಸುಮ್ಮನೆ ಅರ್ಜಿ ಹಾಕಿ ಕಾಯುವ ಕಾಲ ಮುಗಿದಿದೆ. ಪರೀಕ್ಷೆಗೆ ಬೇಕಾದ ಕನ್ನಡ, ಗಣಿತ, ಸಾಮಾನ್ಯಜ್ಞಾನ, ಕಂಪ್ಯೂಟರ್ ಕಲಿಕೆಯನ್ನು ಪಿಯುಸಿ ಓದುವಾಗಲೇ ಆರಂಭಿಸಬೇಕು.

ಇನ್ನೊಂದು ಬದಲಾವಣೆ ತಾಯಂದಿರಿಗೆ ನೇರವಾಗಿ ತಟ್ಟುವಂಥದು. ಅಂಗನವಾಡಿ ಕಾರ್ಯಕರ್ತೆಯಾಗಲು ಮೊದಲು ಎಸ್ಸೆಸ್ಸೆಲ್ಸಿ ಸಾಕಿತ್ತು. ಈಗ ಪಿಯುಸಿ ಬೇಕು, ಸಹಾಯಕಿಗೂ ಎಸ್ಸೆಸ್ಸೆಲ್ಸಿ ಕೇಳುತ್ತಾರೆ. ಕೆಲಸ ಅದೇ, ಅರ್ಹತೆ ಮಾತ್ರ ಮೇಲೇರಿದೆ. ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ರೊನಾಲ್ಡ್ ಡೋರ್ 1976ರಲ್ಲಿ ‘ದಿ ಡಿಪ್ಲೊಮಾ ಡಿಸೀಸ್’ ಎಂಬ ಪುಸ್ತಕದಲ್ಲಿ ವಿವರಿಸಿದ್ದು ಇದನ್ನೇ. ಅಭಿವೃದ್ಧಿಯ ಹಾದಿಗೆ ತಡವಾಗಿ ಬಂದ ದೇಶಗಳಲ್ಲಿ ಸಂಬಳದ ಹುದ್ದೆ ಕಡಿಮೆ, ಓದಿದವರು ಹೆಚ್ಚು. ಗುಂಪನ್ನು ಸೋಸಲು ಸುಲಭದ ದಾರಿ ಅರ್ಹತೆಯನ್ನು ಒಂದು ಮೆಟ್ಟಿಲು ಮೇಲಕ್ಕೆತ್ತುವುದು. ಇದು ಸರಿಯೇ ಎಂದು ವಾದಿಸಬಹುದು, ವಾದಿಸಲೂಬೇಕು. ಆದರೆ ಇಂದು ಹದಿನಾರರ ಹುಡುಗಿಯ ಓದು ನಿಲ್ಲಿಸುವ ಮನೆಯವರು ಒಂದು ತಿಳಿದಿರಬೇಕು: ಅವಳು ಮೂವತ್ತರ ಪ್ರಾಯದಲ್ಲಿ ಸ್ವಂತ ಊರಿನಲ್ಲೇ ಸಿಗಬಹುದಾದ ಕೆಲಸಕ್ಕೆ ಅರ್ಜಿ ಹಾಕಲು ಹೊರಟಾಗ ಇಂದಿನ ಅರ್ಹತೆ ಸಾಲದೇ ಹೋಗಬಹುದು.

ಕಾನೂನೇ ಕೇಳುವ ಓದು

ಸರ್ಕಾರಿ ನೌಕರಿಯೊಂದನ್ನೇ ಗುರಿಯಾಗಿ ಇಟ್ಟುಕೊಂಡರೆ ಓದಿನ ಲೆಕ್ಕ ಅರ್ಧವೇ ಆಗುತ್ತದೆ. ನಮ್ಮ ಮೂರೂ ತಾಲ್ಲೂಕುಗಳ ಸ್ವಂತ ದುಡಿಮೆಯಲ್ಲಿ ಕಾನೂನೇ ಪ್ರಮಾಣಪತ್ರ ಕೇಳುವ ಕೆಲಸಗಳಿವೆ, ಮತ್ತು ಓದಿನ ಬೆಲೆ ಅತಿ ಖಚಿತವಾಗಿ ಸಿಗುವುದು ಅಲ್ಲಿಯೇ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ನಾಡಾದ ಸಿಂಧನೂರಿನಲ್ಲಿ ಬೀಜ, ಗೊಬ್ಬರ, ಕೀಟನಾಶಕದ ಅಂಗಡಿಗಳ ಸಾಲೇ ಇದೆ. ಕೀಟನಾಶಕ ನಿಯಮಗಳಿಗೆ 2015ರಲ್ಲಿ ತಂದ ತಿದ್ದುಪಡಿ ಈ ಮಾರಾಟ ಪರವಾನಗಿಗೆ ಶೈಕ್ಷಣಿಕ ಅರ್ಹತೆಯನ್ನು ಕಡ್ಡಾಯಗೊಳಿಸಿತು. ಕೃಷಿ ಅಥವಾ ನಿಗದಿತ ವಿಜ್ಞಾನ ವಿಷಯಗಳನ್ನು ಓದಿದವರಿಗೆ ಅಲ್ಲಿ ದಾರಿ ಸುಲಭ. ಈಗಾಗಲೇ ಅಂಗಡಿ ನಡೆಸುತ್ತಿರುವವರಿಗಾಗಿ ಹೈದರಾಬಾದಿನ ‘ಮ್ಯಾನೇಜ್’ ಸಂಸ್ಥೆ 2003ರಲ್ಲಿ ಆರಂಭಿಸಿದ ‘ದೇಸಿ’ ಎಂಬ 48 ವಾರಗಳ ಡಿಪ್ಲೊಮಾ ಇದೆ. ಅದಕ್ಕೂ ಹತ್ತನೆಯ ತರಗತಿ ಪಾಸಾಗಿರಬೇಕು. ಔಷಧದ ಅಂಗಡಿಯದೂ ಇದೇ ಕಥೆ. 1948ರ ಔಷಧಶಾಸ್ತ್ರ ಕಾಯ್ದೆಯಂತೆ ನೋಂದಾಯಿತ ಫಾರ್ಮಸಿಸ್ಟ್ ಮಾತ್ರ ಔಷಧ ವಿತರಿಸಬೇಕು. ಪಿಯುಸಿ ವಿಜ್ಞಾನದ ಮೇಲೆ ಎರಡು ವರ್ಷದ ಡಿ.ಫಾರ್ಮ್ ಮುಗಿಸಿ ನೋಂದಾಯಿಸಿಕೊಂಡವರಿಗೆ ಹೋಬಳಿ ಊರಿನಲ್ಲೂ ಸ್ವಂತ ಅಂಗಡಿಯ ದಾರಿ ತೆರೆಯುತ್ತದೆ. ಪಿಯುಸಿ ಕಲಾ ವಿಭಾಗದ ಮೇಲೆ ಪದವಿ ಪಡೆದವರಿಗೆ ಆ ದಾರಿ ಇಲ್ಲ.

ಗುರುಗುಂಟಾದ ಹತ್ತಿರದ ಹಟ್ಟಿ ಚಿನ್ನದ ಗಣಿ ಇನ್ನೂ ದೊಡ್ಡ ಪಾಠ ಹೇಳುತ್ತದೆ. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿಯಾಗಿ ಹುಟ್ಟಿ, ಈಗ ರಾಜ್ಯ ಸರ್ಕಾರದ ಒಡೆತನದಲ್ಲಿರುವ ಈ ಗಣಿ, ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದ ಮೇಲೆ ಕರ್ನಾಟಕದ ಚಿನ್ನದ ಮುಖ್ಯ ಆಸರೆ. ಭೂಗತ ಗಣಿಯಲ್ಲಿ ಯಾರನ್ನು ಯಾವ ಕೆಲಸಕ್ಕೆ ಇಳಿಸಬೇಕು ಎಂಬುದನ್ನು ಆಡಳಿತದ ಇಷ್ಟಕ್ಕೆ ಬಿಟ್ಟಿಲ್ಲ. 1961ರ ಲೋಹ ಗಣಿ ನಿಯಮಾವಳಿಯಂತೆ ಮೇಟ್, ಬ್ಲಾಸ್ಟರ್, ಫೋರ್‌ಮನ್ ಮುಂತಾದ ಜವಾಬ್ದಾರಿಗಳಿಗೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಪರೀಕ್ಷೆಯಲ್ಲಿ ಗೆದ್ದು ಪಡೆದ ಪ್ರಮಾಣಪತ್ರ ಬೇಕು. ಫಿಟ್ಟರ್, ಎಲೆಕ್ಟ್ರಿಷಿಯನ್ ಕೆಲಸಗಳಿಗೆ ಐಟಿಐ, ಮೇಲ್ವಿಚಾರಣೆಗೆ ಡಿಪ್ಲೊಮಾ ಕೇಳುತ್ತಾರೆ. ಹೆಣ್ಣುಮಕ್ಕಳ ಮಟ್ಟಿಗೆ ಓದಿನ ಮಹತ್ವ ಇಲ್ಲಿ ಮತ್ತಷ್ಟು ಸ್ಪಷ್ಟ. ಭೂಗತ ಗಣಿಯಲ್ಲಿ ಹೆಂಗಸರ ಕೆಲಸಕ್ಕಿದ್ದ ಹಳೆಯ ನಿಷೇಧವನ್ನು ಕೇಂದ್ರ ಸರ್ಕಾರ 2019ರಲ್ಲಿ ಸಡಿಲಿಸಿದಾಗ ಅವಕಾಶ ತೆರೆದದ್ದು ತಾಂತ್ರಿಕ, ಮೇಲ್ವಿಚಾರಣೆ ಮತ್ತು ಆಡಳಿತದ ಕೆಲಸಗಳಿಗೆ. ಅಂದರೆ ಓದಿದ ಹೆಣ್ಣುಮಗಳಿಗೆ ಸಿಕ್ಕ ಪ್ರವೇಶ, ಓದದವಳಿಗೆ ಸಿಗಲಿಲ್ಲ.

ಐಟಿಐ ಓದನ್ನು ಕಡಿಮೆ ದರ್ಜೆಯದೆಂದು ಕಾಣುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ, ಅದನ್ನು ಬಿಡಬೇಕು. ಎರಡು ವರ್ಷದ ಐಟಿಐ ಮುಗಿಸಿದವರು 1961ರ ಅಪ್ರೆಂಟಿಸ್ ಕಾಯ್ದೆಯಡಿ ಭತ್ಯೆ ಪಡೆಯುತ್ತ ಕೆಲಸ ಕಲಿಯಬಹುದು; ನಮ್ಮ ರಾಯಚೂರು ಜಿಲ್ಲೆಯಲ್ಲೇ ಶಕ್ತಿನಗರದ 1,720 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ಸ್ಥಾವರದಂಥ ದೊಡ್ಡ ಘಟಕಗಳಿವೆ. ಎಲೆಕ್ಟ್ರಿಷಿಯನ್ ಓದಿದವರು ವಿದ್ಯುತ್ ಪರಿವೀಕ್ಷಣಾಲಯದಿಂದ ವೈರ್‌ಮನ್ ಪರವಾನಗಿ ಪಡೆದರೆ ಊರೂರಿನ ಮನೆ, ಪಂಪ್‌ಸೆಟ್, ಅಕ್ಕಿ ಗಿರಣಿಗಳ ಕೆಲಸ ಕಾನೂನುಬದ್ಧವಾಗಿ ಹಿಡಿಯಬಹುದು. ಮುಂದೆ ಓದುವ ದಾರಿಯೂ ಮುಚ್ಚುವುದಿಲ್ಲ: ಎರಡು ವರ್ಷದ ಐಟಿಐ ಅಥವಾ ಪಿಯುಸಿ ವಿಜ್ಞಾನ ಮುಗಿಸಿದವರಿಗೆ ಪಾಲಿಟೆಕ್ನಿಕ್ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರ ಪ್ರವೇಶವಿದೆ, ಡಿಪ್ಲೊಮಾ ಮುಗಿಸಿದವರಿಗೆ ಡಿಸಿಇಟಿ ಮೂಲಕ ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ. ಹದಿನಾರಕ್ಕೆ ಐಟಿಐ ಸೇರಿದ ಹುಡುಗ ಎಂಜಿನಿಯರ್ ಆಗಲು ಪಿಯುಸಿಯೇ ಬೇಕೆಂದಿಲ್ಲ. ನಡುವೆ ಎಲ್ಲಿ ನಿಂತರೂ ಕೈಯಲ್ಲಿ ಒಂದು ಕಸುಬು ಇರುತ್ತದೆ ಎಂಬುದೇ ಈ ದಾರಿಯ ದೊಡ್ಡ ಗುಣ.

371ಜೆ ಎಂಬ ಆಸರೆ

ಈ ಭಾಗದ ಮಕ್ಕಳಿಗೆ ಓದಿನ ಬೆಲೆಯನ್ನು ಹೆಚ್ಚಿಸುವ ಸಾಂವಿಧಾನಿಕ ವ್ಯವಸ್ಥೆಯೊಂದಿದೆ. ಅದನ್ನು ಪೂರ್ಣವಾಗಿ ಬಳಸಿಕೊಳ್ಳದವರು ಇನ್ನೂ ಬಹಳ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಗುರುತಿಸಿದಾಗ ಲಿಂಗಸುಗೂರು ಮತ್ತು ಸಿಂಧನೂರು ಎರಡೂ ಆ ಪಟ್ಟಿಯಲ್ಲಿದ್ದವು; ಇಂದಿನ ಮಸ್ಕಿ ತಾಲ್ಲೂಕು ಆಗಿನ್ನೂ ಹುಟ್ಟಿರಲಿಲ್ಲ. ದೀರ್ಘ ಹೋರಾಟದ ಫಲವಾಗಿ ಸಂವಿಧಾನದ 371ಜೆ ವಿಧಿ ಬಂತು. ಅದರಡಿ 2013ರಲ್ಲಿ ಹೊರಟ ಆದೇಶದಂತೆ, ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದ ಹುದ್ದೆಗಳಲ್ಲಿ ‘ಎ’ ಮತ್ತು ‘ಬಿ’ ಗುಂಪಿಗೆ ಶೇ 75, ‘ಸಿ’ ಗುಂಪಿಗೆ ಶೇ 80, ‘ಡಿ’ ಗುಂಪಿಗೆ ಶೇ 85ರಷ್ಟು ಸ್ಥಳೀಯರಿಗೆ ಮೀಸಲು. ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟುಗಳಿವೆ. ಇಷ್ಟು ದೊಡ್ಡ ಮೀಸಲಾತಿ ಇದ್ದರೂ ಅದು ಅರ್ಹತೆಯನ್ನು ಮನ್ನಾ ಮಾಡುವುದಿಲ್ಲ ಎಂಬುದೇ ಇಲ್ಲಿನ ಮುಖ್ಯ ಮಾತು. ಪಿಯುಸಿ ಕೇಳುವ ಹುದ್ದೆಗೆ ಪಿಯುಸಿ ಇಲ್ಲದ ಸ್ಥಳೀಯನಿಗೆ 371ಜೆಯಿಂದ ಪ್ರಯೋಜನವಿಲ್ಲ. ಓದಿ ಅರ್ಹತೆ ಪಡೆದವನಿಗೆ ಸ್ಪರ್ಧೆ ಗಣನೀಯವಾಗಿ ಹಗುರಾಗುತ್ತದೆ. ಬೆಂಗಳೂರು, ಮೈಸೂರಿನ ಹುಡುಗನಿಗಿಂತ ಗುರುಗುಂಟಾದ ಹುಡುಗನಿಗೆ ಅದೇ ಪಿಯುಸಿ ಹೆಚ್ಚು ಫಲ ಕೊಡುವುದು ಈ ಕಾರಣಕ್ಕೆ.

ಇದರ ಜೊತೆಗೆ ಒಂದರಿಂದ ಹತ್ತರವರೆಗೆ ಗ್ರಾಮೀಣ ಭಾಗದಲ್ಲಿ ಓದಿದವರಿಗೆ ಮತ್ತು ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಪ್ರತ್ಯೇಕ ಮೀಸಲು ಇದೆ. ಕನ್ನಡ ಮಾಧ್ಯಮದ ಪಾಲು ಶೇ 5. ಕೇಂದ್ರದ ಪರೀಕ್ಷೆಗಳ ಭಾಷೆಯೂ ಬದಲಾಗುತ್ತಿದೆ. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಕೇಂದ್ರ ಸಶಸ್ತ್ರ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಗೂ 2024ರಿಂದ ಕನ್ನಡ ಸೇರಿದೆ. ಕನ್ನಡ ಶಾಲೆಯಲ್ಲಿ ಓದಿದ್ದೇ ಹಿನ್ನಡೆ ಎಂದು ಕೊರಗುವ ಮಕ್ಕಳು ಈ ಬದಲಾವಣೆಗಳನ್ನು ತಿಳಿದಿರಬೇಕು.

ಉಳಿದ ಆಕ್ಷೇಪಗಳು

‘ಶಾಲೆಯಲ್ಲಿ ಕಲಿತದ್ದು ಕೆಲಸದಲ್ಲಿ ಎಲ್ಲಿ ಬರುತ್ತದೆ?’ ಎಂಬ ಪ್ರಶ್ನೆ ಹಳೆಯದು, ಅದರಲ್ಲಿ ಹುರುಳೂ ಇದೆ. ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ 1973ರಲ್ಲಿ ಒಂದು ವಿವರಣೆ ಕೊಟ್ಟರು. 2001ರಲ್ಲಿ ನೊಬೆಲ್ ಹಂಚಿಕೊಂಡದ್ದರ ಹಿಂದೆ ಈ ಕೆಲಸವೂ ಇತ್ತು. ಕೆಲಸ ಕೊಡುವವನಿಗೆ ಅರ್ಜಿದಾರನ ಶ್ರದ್ಧೆ, ಸಾಮರ್ಥ್ಯ ಹೊರಗಿನಿಂದ ಕಾಣುವುದಿಲ್ಲ; ಕಷ್ಟಪಟ್ಟು ಪಡೆದ ಪ್ರಮಾಣಪತ್ರ ಆ ಗುಣಗಳ ಸೂಚನೆಯಾಗಿ ಕೆಲಸ ಮಾಡುತ್ತದೆ ಎಂಬುದು ಅದರ ಸಾರ. ಈ ವಿವರಣೆಯಿಂದ ಹೊರಡುವ ಎಚ್ಚರಿಕೆ ನಮಗೆ ಮುಖ್ಯ. ಪ್ರಮಾಣಪತ್ರ ಕಷ್ಟಪಡದೆ ಸಿಕ್ಕರೆ ಅದು ಯಾವ ಸೂಚನೆಯನ್ನೂ ಕೊಡುವುದಿಲ್ಲ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ತಂದಾಗ ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ನಕಲು ಮಾಡಿ ಪಾಸಾಗಿಸುವುದನ್ನು ಮಕ್ಕಳಿಗೆ ಮಾಡುವ ಉಪಕಾರ ಎಂದು ಭಾವಿಸಿದ ಊರಿನವರು ಯೋಚಿಸಬೇಕು. ನಕಲಿನಿಂದ ಬಂದ ಅಂಕ ಇಡೀ ಜಿಲ್ಲೆಯ ಅಂಕಪಟ್ಟಿಗಳ ಬೆಲೆಯನ್ನೇ ಇಳಿಸುತ್ತದೆ. ನಿಜವಾಗಿ ಓದಿದ ಮಗುವೇ ಅದರ ನಷ್ಟ ಹೊರುತ್ತದೆ. ಮತ್ತೆ ಕೆಲಸಕ್ಕೆ ಬರುವ ಕಲಿಕೆಯೂ ಶಾಲೆಯಲ್ಲಿ ಇಲ್ಲದಿಲ್ಲ. ಗೊಬ್ಬರದ ಪ್ರಮಾಣ ಲೆಕ್ಕ ಹಾಕುವುದು, ಕೀಟನಾಶಕದ ಡಬ್ಬಿಯ ಮೇಲಿನ ಸೂಚನೆ ಓದುವುದು, ಬ್ಯಾಂಕಿನ ಬಡ್ಡಿ ತಾಳೆ ನೋಡುವುದು, ಇಂಗ್ಲಿಷಿನ ಅರ್ಜಿ ತುಂಬುವುದು — ಒಕ್ಕಲುತನದಲ್ಲೂ ಇವು ದಿನನಿತ್ಯದ ಅಗತ್ಯ.

‘ಲಂಚ, ಸೋರಿಕೆಯ ಕಾಲದಲ್ಲಿ ಓದಿ ಏನು ಮಾಡುವುದು?’ ಎಂಬುದು ಕೋಪದಿಂದ ಹುಟ್ಟಿದ ಆಕ್ಷೇಪ, ಆ ಕೋಪಕ್ಕೆ ಕಾರಣವಿದೆ. 2021ರಲ್ಲಿ ನಡೆದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆಯನ್ನು ಅಕ್ರಮ ಬಯಲಾದ ಮೇಲೆ 2022ರಲ್ಲಿ ರದ್ದು ಮಾಡಬೇಕಾಯಿತು. ಹಗರಣದ ಎಳೆ ಮೊದಲು ಸಿಕ್ಕಿದ್ದು ನಮ್ಮದೇ ಭಾಗದ ಕಲಬುರಗಿಯಲ್ಲಿ. 2024ರ ನವೆಂಬರ್‌ನಲ್ಲಿ ಪಿಡಿಒ ಪರೀಕ್ಷೆಯ ದಿನ ಸಿಂಧನೂರಿನ ಕೇಂದ್ರದಲ್ಲಿ ಪ್ರಶ್ನೆಪತ್ರಿಕೆಯ ವಿಚಾರಕ್ಕೆ ಅಭ್ಯರ್ಥಿಗಳು ಪ್ರತಿಭಟನೆಗೆ ಇಳಿದರು. ಪರೀಕ್ಷೆಗಳು ಪ್ರಾಮಾಣಿಕವಾಗಿ, ವೇಳೆಗೆ ಸರಿಯಾಗಿ ನಡೆಯಬೇಕೆಂದು ಸರ್ಕಾರವನ್ನು ಗಟ್ಟಿಯಾಗಿ ಕೇಳುವುದು ಓದಿದ ಯುವಕರ ಹಕ್ಕು. ಆದರೆ ಇದರಿಂದ ಕಲಿಯಬೇಕಾದದ್ದು ಓದು ಬಿಡುವುದನ್ನಲ್ಲ, ಒಂದೇ ಪರೀಕ್ಷೆಗೆ ಪ್ರಾಯವನ್ನೆಲ್ಲ ಒತ್ತೆ ಇಡಬಾರದೆಂಬುದನ್ನು. ಧಾರವಾಡದಲ್ಲೋ ವಿಜಯಪುರದಲ್ಲೋ ಕೋಣೆ ಹಿಡಿದು ಕೋಚಿಂಗ್‌ಗೆಂದು ಕೂತವರು ಒಂದು ಗಡುವು ಹಾಕಿಕೊಳ್ಳಬೇಕು; ಗಡುವಿನೊಳಗೆ ಕೆಲಸವಾಗದಿದ್ದರೆ ಹೊಟ್ಟೆಪಾಡಿಗೆ ಬರುವ ಇನ್ನೊಂದು ಪ್ರಮಾಣಪತ್ರ ಅಷ್ಟರಲ್ಲಿ ಕೈಯಲ್ಲಿರಬೇಕು.

‘ಹೆಣ್ಣುಮಗುವಿಗೆ ಇಷ್ಟು ಓದು ಸಾಕು’ ಎಂಬ ಮಾತಿಗೆ ಉತ್ತರ ಸಂಬಳದ ಲೆಕ್ಕದಾಚೆಗೂ ಇದೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ರಾಯಚೂರು ಜಿಲ್ಲೆಯದು ಶೇ 59.56, ಜಿಲ್ಲೆಯ ಹೆಂಗಸರದು ಶೇ 49ರ ಒಳಗೆ. ಹತ್ತನೆಯ ತರಗತಿ ಮುಗಿಯುವುದು ಹದಿನಾರರ ಆಸುಪಾಸಿನಲ್ಲಿ, ಪಿಯುಸಿ ಮುಗಿಯುವುದು ಹದಿನೆಂಟಕ್ಕೆ. ಕಾನೂನಿನ ಮದುವೆಯ ವಯಸ್ಸಿಗೆ ಅವಳನ್ನು ಸುರಕ್ಷಿತವಾಗಿ ಮುಟ್ಟಿಸುವುದು ಆ ಎರಡು ವರ್ಷಗಳೇ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳು ಬಸ್ ಪ್ರಯಾಣಕ್ಕೆ ದುಡ್ಡು ಕೊಡಬೇಕಿಲ್ಲ. ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ವಿದ್ಯಾರ್ಥಿನಿಲಯಗಳಿವೆ. ಖರ್ಚಿನ ನೆಪ ಮೊದಲಿನಷ್ಟು ಬಲವಾಗಿ ಉಳಿದಿಲ್ಲ.

ಈಗ ಮಾಡಬೇಕಾದದ್ದು

ಫಲಿತಾಂಶ ಬಂದ ಕೂಡಲೇ ಕಾಲೇಜು ಹುಡುಕುವ ಮೊದಲು, ಮಗು ಮಾಡಬಹುದಾದ ಎರಡು ಮೂರು ಕೆಲಸಗಳನ್ನು ಗೊತ್ತುಮಾಡಿ, ಅವುಗಳ ಹಿಂದಿನ ನೇಮಕಾತಿ ಅಧಿಸೂಚನೆಯನ್ನು ಶಿಕ್ಷಕರ ಜೊತೆ ಕೂತು ಓದಿ. ವಿದ್ಯಾರ್ಹತೆ, ವಯಸ್ಸು, ಆಯ್ಕೆಯ ವಿಧಾನ ಮೂರನ್ನೂ ಬರೆದಿಟ್ಟುಕೊಳ್ಳಿ. ಗಣಿತ, ವಿಜ್ಞಾನದಲ್ಲಿ ಆಸಕ್ತಿ ಇರುವ ಮಗುವನ್ನು ಸ್ನೇಹಿತರು ಸೇರಿದರೆಂಬ ಕಾರಣಕ್ಕೆ ಬೇರೆ ವಿಭಾಗಕ್ಕೆ ಬಿಡಬೇಡಿ. ಬಿ.ಎಸ್ಸಿ ಕೃಷಿ, ನರ್ಸಿಂಗ್, ಫಾರ್ಮಸಿಗಳಿಗೆ ವಿಜ್ಞಾನವೇ ಬೇಕು. ರಾಯಚೂರಿನಲ್ಲೇ ಕೃಷಿ ವಿಶ್ವವಿದ್ಯಾಲಯವಿದೆ, ರೈತರ ಮಕ್ಕಳಿಗೆ ಕೃಷಿ ಕೋರ್ಸುಗಳಲ್ಲಿ ಪ್ರತ್ಯೇಕ ಕೋಟಾ ಇದೆ. ಕಲಾ ಅಥವಾ ವಾಣಿಜ್ಯ ವಿಭಾಗ ಸೇರಿದರೂ ತಪ್ಪಿಲ್ಲ, ಆದರೆ ಜೊತೆಗೆ ಕಂಪ್ಯೂಟರ್, ಲೆಕ್ಕಪತ್ರದ ಟ್ಯಾಲಿ, ಟೈಪಿಂಗ್, ಸ್ಪರ್ಧಾ ಪರೀಕ್ಷೆಯ ಗಣಿತದಲ್ಲಿ ಒಂದನ್ನಾದರೂ ಗಟ್ಟಿ ಮಾಡಿಕೊಳ್ಳಬೇಕು. ಓದಿಗೆ ಮನಸ್ಸಿಲ್ಲದೆ ಕೈಕೆಲಸದಲ್ಲಿ ಚುರುಕಾದ ಮಗುವನ್ನು ಐಟಿಐಗೆ ಕಳಿಸುವುದರಲ್ಲಿ ಅವಮಾನವಿಲ್ಲ. ಫೇಲಾದವರು ಶಾಲೆ ಬಿಡಬೇಕಿಲ್ಲ. ಅದೇ ವರ್ಷದಲ್ಲಿ ಮತ್ತೆ ಪರೀಕ್ಷೆ ಬರೆಯಲು ಅವಕಾಶವಿದೆ. ಸ್ವಂತ ಉದ್ಯೋಗ ಮಾಡುತ್ತೇನೆನ್ನುವವರಿಗೂ ಓದಿನ ತಳಹದಿ ಬೇಕು: ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯಲ್ಲಿ ಹತ್ತು ಲಕ್ಷ ಮೀರಿದ ಉತ್ಪಾದನಾ ಘಟಕಕ್ಕೆ, ಐದು ಲಕ್ಷ ಮೀರಿದ ಸೇವಾ ಘಟಕಕ್ಕೆ ಎಂಟನೆಯ ತರಗತಿ ಪಾಸಾಗಿರಲೇಬೇಕು.

ಕಾಗದಪತ್ರದ ಕೆಲಸವನ್ನು ಅರ್ಜಿಯ ಕೊನೆಯ ದಿನಕ್ಕೆ ಬಿಡಬೇಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಜಾತಿ ಪ್ರಮಾಣಪತ್ರಗಳಲ್ಲಿ ಹೆಸರು, ತಂದೆತಾಯಿಯ ಹೆಸರು, ಜನ್ಮದಿನ ಒಂದೇ ಇರಲಿ. ತಪ್ಪಿದ್ದರೆ ಈಗಲೇ ತಿದ್ದಿಸಿ. 371ಜೆ ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿಯಿಂದ ಪಡೆಯಬೇಕು. ಲಿಂಗಸುಗೂರು, ಮಸ್ಕಿ, ಸಿಂಧನೂರಿನವರಿಗೆ ಆ ಕಚೇರಿ ಲಿಂಗಸುಗೂರಿನಲ್ಲಿದೆ. ಒಂದರಿಂದ ಹತ್ತರವರೆಗಿನ ವ್ಯಾಸಂಗ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಪ್ರಮಾಣಪತ್ರಗಳನ್ನು ಶಾಲೆಯಿಂದ ಬರೆಸಿ ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿ ಹಾಕಿಸಿಡಿ. ದುಡ್ಡು ಕೊಟ್ಟರೆ ಪರೀಕ್ಷೆ ಇಲ್ಲದೆ ಪಿಯುಸಿ, ಪದವಿ ಕೊಡಿಸುತ್ತೇವೆನ್ನುವವರ ಹತ್ತಿರ ಸುಳಿಯಬೇಡಿ. ಮಾನ್ಯತೆ ಇಲ್ಲದ ಮಂಡಳಿಯ ಪ್ರಮಾಣಪತ್ರ ನೇಮಕಾತಿಯ ದಾಖಲೆ ಪರಿಶೀಲನೆಯಲ್ಲಿ ಬಿದ್ದುಹೋಗುತ್ತದೆ, ಮೊಕದ್ದಮೆಯನ್ನೂ ತರಬಹುದು.

ಹತ್ತರ ಮೇಲಿನ ಓದು ಈ ಭಾಗದ ಬಡ ಮನೆಗೆ ಇಂದಿಗೂ ಅತ್ಯಂತ ಭರವಸೆಯ ಹೂಡಿಕೆ. ಅದಕ್ಕೆ ಒಂದು ಷರತ್ತು ಮಾತ್ರ: ಯಾವ ಕೆಲಸಕ್ಕಾಗಿ ಓದುತ್ತಿದ್ದೇವೆ ಎಂಬುದು ಸೇರುವ ದಿನವೇ ಮನೆಯಲ್ಲಿ ಎಲ್ಲರಿಗೂ ಗೊತ್ತಿರಬೇಕು. ತಂದೆತಾಯಂದಿರೇ, ಮಗುವಿನ ಓದನ್ನು ಖರ್ಚಿಗೆ ಹೆದರಿ ನಿಲ್ಲಿಸಬೇಡಿ, ಹೆಸರಿಗಾಗಿ ಮುಂದುವರಿಸಲೂಬೇಡಿ. ವಿಚಾರಿಸಿ, ಗೊತ್ತುಮಾಡಿ, ಕೊನೆಯವರೆಗೆ ಓದಿಸಿ.